ಎರಡು ಸಾಲಿನ ಸಮಾಧಾನ

ಅಕ್ಕೋರ ಅಂಗೈ ಉಪ್ಪುಕಾಗದದಷ್ಟು ಒರಟಾಗಿತ್ತು. ಜೀವಮಾನವಿಡೀ ಜೋಳದ ರೊಟ್ಟಿ ಬಡಿದ ಕೈ ಅದು. ಹಂಚಿನ ಬಿಸಿ ತಾಗಿ ತಾಗಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಆ ಎರಡು ಕೈಗಳ ನಡುವೆ ನನ್ನ ಜೋಡಿಸಿದ ಕೈಗಳನ್ನು ಸೇರಿಸಿಕೊಂಡು ಒತ್ತಿದರೆ, ಕಂಪ್ಯೂಟರಿನ ಕೀಬೋರ್ಡ್ ಬಿಟ್ಟರೆ ಬೇರೇನೂ ಮುಟ್ಟದ ನನ್ನ ಬೆರಳುಗಳು ನೋಯುತ್ತಿದ್ದವು. ಹಾಗೆ ಒತ್ತಿ, ಬಯ್ಯುವ ದನಿಯಲ್ಲಿ, "ಸಮಾಧಾನ ತಗೋ" ಎನ್ನುತ್ತಿದ್ದರು.

ಕ್ರೈಸ್ತರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನಕ್ಕೆ ಮೊದಲು ಸಮಾಧಾನ ಹಂಚುವ ಪದ್ಧತಿಯಿದೆ. ಅಯ್ಯನವರು, ಎಂದರೆ ನಮ್ಮ ಪಾದ್ರಿ, ಸಭೆಯ ಕಾರ್ಯದರ್ಶಿಯ ಜೋಡಿಸಿದ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿಯುತ್ತಾರೆ. ಕಾರ್ಯದರ್ಶಿ ಅದನ್ನು ಮೊದಲ ಬೆಂಚಿನವರಿಗೆ ಕೊಡುತ್ತಾನೆ, ಅವರು ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಅದನ್ನು ತೆಗೆದುಕೊಳ್ಳಬಾರದು. ನಮ್ಮಲ್ಲಿ ಹೆಚ್ಚಿನವರು ಇಟ್ಟುಕೊಂಡೇ ತೆಗೆದುಕೊಳ್ಳುತ್ತೇವೆ. ಅಕ್ಕೋರಿಗೆ ಆ ಕಳ್ಳಾಟ ಬರುತ್ತಿರಲಿಲ್ಲ.

ಹೈದರಾಬಾದಿನಲ್ಲಿ ಹೈಟೆಕ್ ಕಟ್ಟಡಗಳು ಏಳುತ್ತಿದ್ದ ಕಾಲ. ಉಡುಪಿ ಕಡೆಯಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆಂದು ಬಂದ ನನಗೆ ಆ ಊರಿನಲ್ಲಿ ಮನೆಯ ಹಾಗಿದ್ದದ್ದು ಒಂದೇ ಜಾಗ, ತಾರ್ನಾಕದ ಒಂದು ತೆಲುಗು ಚರ್ಚು. ಭಾನುವಾರ ತೆಲುಗಿನವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಅದನ್ನು ನಮ್ಮ ಕನ್ನಡ ಸಭೆಗೆ ಬಿಟ್ಟುಕೊಡುತ್ತಿದ್ದರು. ಫ್ಯಾನಿನ ಕೆಳಗಿನ ಮುಂದಿನ ಬೆಂಚುಗಳಲ್ಲಿ ಮಂಗಳೂರು, ಮೈಸೂರು, ಬೆಂಗಳೂರಿನ ನಮ್ಮಂಥ ಐಟಿಯವರು. ಹಿಂದೆ, ರಾಯಚೂರು, ಯಾದಗಿರಿ ಕಡೆಯಿಂದ ಬಂದು ಊರಂಚಿನ ಮಣಿಕೊಂಡದಲ್ಲಿ ಬಂಡೆ ಒಡೆಯುವ, ಗಾರೆ ಹೊರುವ ಕುಟುಂಬಗಳು. ಅವರು ಕಟ್ಟುತ್ತಿದ್ದ ಕಟ್ಟಡಗಳಲ್ಲೇ ನಾವು ಕೂತು ಕೆಲಸ ಮಾಡಬೇಕಿತ್ತು, ಆದರೆ ಬೆಂಚು ಮಾತ್ರ ಬೇರೆ. ರಾಯಚೂರಿನವರೇ ಆದ ಅಕ್ಕೋರು ನಿವೃತ್ತ ಶಾಲಾ ಶಿಕ್ಷಕಿ, ನಮ್ಮ ಸಂಡೇಸ್ಕೂಲಿನ ಟೀಚರು. ಆ ಕಡೆ ಟೀಚರನ್ನು ಕರೆಯುವುದೇ ಅಕ್ಕೋರು ಎಂದು. ಮುಂದೆ ಕೂರಲು ಎಲ್ಲ ಅರ್ಹತೆಯಿದ್ದೂ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದರು. ಮೊದಲ ದಿನ ತಡವಾಗಿ ಹೋದ ನಾನು ಅವರ ಪಕ್ಕದಲ್ಲಿ ತೂರಿಕೊಂಡೆ. ಆರಾಧನೆ ಮುಗಿದ ಮೇಲೆ ಅವರು ಕೈಚೀಲದಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು, "ಏ ಪೋರಿ, ತಿನ್ನು. ಗಾಳಿ ಬಂದ್ರ ಹಾರಿ ಹೋಗ್ತಿ" ಎಂದರು. ಅಲ್ಲಿಂದಾಚೆಗೆ ನನ್ನ ಜಾಗವೂ ಅದೇ.

ಅವರನ್ನು ಸಂತಳೆಂದು ಚಿತ್ರಿಸಲು ನಾನು ಕೂತಿಲ್ಲ. ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಕಾಪಾಡುವ ಹೆಂಗಸು. ತೂಕದಲ್ಲಿ ಮೋಸ ಮಾಡಿದ ಹುಣಸೆಹಣ್ಣಿನವನ ಅಂಗಡಿ ಎದುರಾದರೆ, ವರ್ಷಗಳಾದ ಮೇಲೂ, ರಸ್ತೆ ದಾಟಿ ಆಚೆ ಬದಿಯಿಂದ ನಡೆಯುತ್ತಿದ್ದರು. "ಇನ್ನೂ ಮರೆತಿಲ್ವಾ ಅಕ್ಕೋರೆ?" ಎಂದು ನಾನು ನಕ್ಕರೆ, "ಮರೆಯಾಕ ನಾ ಏನ್ ಮುದುಕಿ ಆಗೀನೇನು?" ಎನ್ನುತ್ತಿದ್ದರು. ಆಗ ಅವರಿಗೆ ಎಪ್ಪತ್ತರ ಹತ್ತಿರ.

ನಮ್ಮ ಸಭೆಯಲ್ಲಿ ಇನ್ನೊಂದು ರೂಢಿಯಿತ್ತು. ವಿಜ್ಞಾಪನೆಯ ಪ್ರಾರ್ಥನೆಯ ಕೊನೆಗೆ ಯಾರು ಬೇಕಾದರೂ ಎದ್ದು ತಮಗೆ ಬೇಕಾದವರ ಹೆಸರು ಹೇಳಬಹುದು. ಸಭೆಯೆಲ್ಲ "ಕರ್ತನೇ, ಕೇಳು" ಎನ್ನಬೇಕು. ಗಾರೆ ಕೆಲಸದವರು ಊರಲ್ಲಿ ಬಿಟ್ಟುಬಂದ ಮಕ್ಕಳ ಹೆಸರು ಹೇಳುತ್ತಿದ್ದರು. ಅಕ್ಕೋರು ಪ್ರತಿ ಭಾನುವಾರವೂ ಒಂದೇ ಹೆಸರು ಹೇಳುತ್ತಿದ್ದರು: "ನನ್ನ ತಂಗಿ ಜಮೀಲಾ." ಮುಂದಿನ ಬೆಂಚಿನವರು ತಲೆ ತಿರುಗಿಸಿ ನೋಡುತ್ತಿದ್ದರು. ಹೈದರಾಬಾದಿನಲ್ಲಿ ಪ್ರತಿ ಗಲ್ಲಿಗೊಬ್ಬ ಜಮೀಲಾ ಇದ್ದಾಳೆ. ಯಾರೋ ನೆರೆಮನೆಯ ಮುಸಲ್ಮಾನ ಹೆಂಗಸಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಆ ಜಮೀಲಾ ಬೆತ್ಲೆಹೇಮಿನ ಅರಬ್ ಹೆಂಗಸು, ನಮ್ಮ ಹಾಗೇ ಕ್ರೈಸ್ತಳು. ಅಕ್ಕೋರು ಗಂಡ ತೀರಿಹೋದ ಮೇಲೆ ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದರು. ಯೇಸು ಹುಟ್ಟಿದ ಆ ಊರಿನಲ್ಲಿ ಜ್ವರ ಬಂದು ಮಲಗಿದಾಗ ಯಾತ್ರೆಯ ಬಸ್ಸು ಅವರನ್ನು ಬಿಟ್ಟು ಮುಂದಿನ ಊರಿಗೆ ಹೋಯಿತು. ಚರ್ಚಿನ ಬಾಗಿಲಲ್ಲಿ ಮೇಣದ ಬತ್ತಿ ಮಾರುತ್ತಿದ್ದ ಜಮೀಲಾ ಅವರನ್ನು ಮನೆಗೆ ಕರೆದೊಯ್ದು ಬೇಳೆಯ ಸಾರು ಕುಡಿಸಿ, ಬಸ್ಸು ಮರಳುವವರೆಗೂ ಆರೈಕೆ ಮಾಡಿದಳು. ಅಕ್ಕೋರಿಗೆ ಅರಬ್ಬಿ ಬಾರದು, ಅವಳಿಗೆ ಕನ್ನಡ ಬಾರದು. ಆದರೆ ನಿಜಾಮರ ಕಾಲದ ರಾಯಚೂರಿನಲ್ಲಿ ಹುಟ್ಟಿದವರಿಗೆ ಉರ್ದು ಗೊತ್ತಲ್ಲ, ಅದರಲ್ಲಿ ಅರಬ್ಬಿ ಶಬ್ದಗಳು ಬೇಕಾದಷ್ಟಿವೆ. ಕಿತಾಬ್, ಕುರ್ಸಿ, ಸಾಬೂನ್, ದುನಿಯಾ, ಖಬರ್ ಎಂದು ಇಬ್ಬರಿಗೂ ಗೊತ್ತಿದ್ದ ಶಬ್ದಗಳನ್ನು ಹೆಕ್ಕಿಕೊಂಡು ಹಗಲೆಲ್ಲ ಮಾತಾಡಿದರಂತೆ. "ಆಕಿ ದೇವ್ರಿಗೆ ಅಲ್ಲಾ ಅಂತಾಳ. ಅಲ್ಲಿ ಕ್ರಿಸ್ತಿಯಾನ್ರೆಲ್ಲಾ ಹಂಗ ಅನ್ನೂದು. ನಂಗ ಮೊದ್ಲ ಗಾಬರಿ ಆತು, ಆಮ್ಯಾಲ ಭಾಳ ಚೊಲೋ ಅನಿಸ್ತು" ಎಂದು ಹೇಳಿದ್ದರು. ಹಬ್ಬಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಆ ನಾಲ್ಕಾರು ಶಬ್ದಗಳನ್ನೇ ಮತ್ತೆ ಹೇಳಿಕೊಂಡು ನಗುತ್ತಿದ್ದರು.

ಈಗ ಕಾರ್ಯದರ್ಶಿಯ ವಿಷಯ. ಮೈಸೂರಿನವನು, ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರ್, ಇಸ್ತ್ರಿ ಮುರಿಯದ ಅಂಗಿ. ಅವನನ್ನು ಕೆಟ್ಟವನೆಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ನನಗೆ ಸುಖ. ಆದರೆ ಸಾರವೆಯಿಂದ ಬಿದ್ದ ಕೂಲಿಯವನನ್ನು ತನ್ನ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವನೂ ಅವನೇ. ಟೀವಿಯಲ್ಲಿ ಬರುವ ಬೋಧಕರನ್ನು ಕೇಳಿ ಕೇಳಿ ಅವನಿಗೊಂದು ನಂಬಿಕೆ ಹುಟ್ಟಿತ್ತು. ಯೆಹೂದ್ಯರ ರಾಜ್ಯವನ್ನು ಬೆಂಬಲಿಸುವ ದೇಶವನ್ನು ದೇವರು ಹರಸುತ್ತಾನೆ, ನಮ್ಮ ಸರ್ಕಾರ ಇಸ್ರೇಲಿನ ಕಡೆ ಗಟ್ಟಿಯಾಗಿ ನಿಂತರೆ ಈ ಊರಿಗೆ ಇನ್ನೂ ಕಂಪನಿಗಳು ಬರುತ್ತವೆ ಎಂದು. ಅಲ್ಲಿ ಗುಂಡು ಹಾರುತ್ತಿದ್ದ, ಬಸ್ಸುಗಳಲ್ಲಿ ಬಾಂಬು ಸಿಡಿಯುತ್ತಿದ್ದ ವರ್ಷ ಅದು. ದೆಹಲಿಗೆ ಕಳಿಸಲು ಒಂದು ಮನವಿ ತಯಾರಿಸಿದ: ಭಾರತ ಅರಬರ ಕಡೆ ವಾಲುವ ಹಳೆಯ ನೀತಿ ಬಿಡಬೇಕು, ವಿಶ್ವಸಂಸ್ಥೆಯಲ್ಲಿ ಇಸ್ರೇಲಿನ ಪರ ಮತ ಹಾಕಬೇಕು. ಆರಾಧನೆ ಮುಗಿದೊಡನೆ ಹಿಂದಿನ ಬೆಂಚುಗಳಿಗೆ ಹಾಳೆ ಬಂತು, ಹೆಬ್ಬೆಟ್ಟಿಗೆ ಮಸಿಯ ಡಬ್ಬಿಯ ಸಮೇತ.

ಅಕ್ಕೋರು ಓದಿ, ಎದ್ದು ನಿಂತು, ಹಿಂದಿನವರಿಗೆ ಕೇಳುವ ಹಾಗೆ ಹೇಳಿದರು. "ಇದು ಪ್ರಾರ್ಥನಿ ಅಲ್ರೆಪಾ, ಅರ್ಜಿ. ಸರ್ಕಾರ ಆ ದೇಶದ ಬೆನ್ನಿಗೆ ನಿಂದರಬೇಕು, ಅಲ್ಲಿಯ ಅರಬರ ಕೈ ಬಿಡಬೇಕು ಅಂತ ಬರದಾರ. ಆ ಅರಬರಾಗ ನಮ್ಮ ಜಮೀಲಾನೂ ಅದಾಳ. ತಿಳದು ಒತ್ತೂದಾದ್ರ ಒತ್ರಿ."

ಕಾರ್ಯದರ್ಶಿ ತಾಳ್ಮೆಯಿಂದಲೇ ಉತ್ತರಿಸಿದ. "ಟೀಚರ್, ಯೆಹೂದ್ಯರನ್ನ ಯೂರೋಪಿನಲ್ಲಿ ನಮ್ಮ ಕ್ರೈಸ್ತರೇ ಎಷ್ಟು ಶತಮಾನ ಗೋಳು ಹುಯ್ಕೊಂಡ್ರು, ಗೊತ್ತಲ್ವಾ? ಕೊನೆಗೆ ಲಕ್ಷಗಟ್ಟಲೆ ಜನರನ್ನ ಕೊಂದುಹಾಕಿದ್ರು. ಅವರಿಗೆ ಅಂತ ಒಂದು ನೆಲ ಬೇಡ್ವಾ? ಅದೂ ದೇವರೇ ಮಾತು ಕೊಟ್ಟಿರೋ ನೆಲ."

"ಅವ್ರಿಗೆ ಮನಿ ಬ್ಯಾಡ ಅಂದೀನೇನಪಾ? ಇರ್ಲಿ, ಸುಖವಾಗಿರ್ಲಿ. ಅವ್ರ ಬಸ್ಸಿನಾಗ ಬಾಂಬ್ ಇಟ್ಟಾವನ್ನೂ ದೇವ್ರು ಕೇಳ್ತಾನ. ಆದ್ರ ಅವ್ರ ಮನಿ ನಿಂದರಬೇಕಂದ್ರ ಜಮೀಲಾನ ಬಾಗ್ಲಾ ಯಾಕ ಮುಚ್ಚಬೇಕು? ಇಬ್ರನ್ನೂ ಕಾಯ್ರಿ ಅಂತ ಬರಿ. ಮೊದ್ಲ ಸಹಿ ನಂದ."

"ಹಾಗೆ ಬರೆದ್ರೆ ಅದಕ್ಕೆ ಅರ್ಥವೇ ಇರಲ್ಲ ಟೀಚರ್. ಒಂದು ಕಡೆ ನಿಲ್ಲಲೇಬೇಕು" ಎಂದ ಅವನು. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಹಾಳೆ ಮುಟ್ಟದೆ ಮುಂದೆ ಸಾಗಿಸಿದರು. ಮುಂದಿನವರಲ್ಲೂ ಕೆಲವರು ಪೆನ್ನಿಗೆ ಮುಚ್ಚಳ ಹಾಕಿದರು. ನಾನೂ ಸಹಿ ಮಾಡಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ನೋಡಿ ನನಗೆ ನಗು ಬಂದಿತ್ತು, ಆಮೇಲೆ ಅದರ ಬೆಲೆ ಅಕ್ಕೋರು ತೆತ್ತರು.

ಮುಂದಿನ ತಿಂಗಳೇ ಸಭೆಯ ಸಮಿತಿ "ವಯಸ್ಸಾಯಿತು, ವಿಶ್ರಾಂತಿ ಬೇಕು" ಎಂದು ಅವರಿಂದ ಸಂಡೇಸ್ಕೂಲು ಕಿತ್ತುಕೊಂಡಿತು. ವಿಜ್ಞಾಪನೆಯಲ್ಲಿ "ಗೊಂದಲ ಹುಟ್ಟಿಸುವ" ಹೆಸರುಗಳು ಬೇಡವೆಂದೂ ಸೂಚನೆ ಬಂತು. ಅಕ್ಕೋರು ಸಂಡೇಸ್ಕೂಲಿನ ಕೋಣೆಯ ಚಾವಿ ಮೇಜಿನ ಮೇಲಿಟ್ಟು ಹೋದರು. ಹೆಸರು ಹೇಳುವುದನ್ನು ಮಾತ್ರ ಬಿಡಲಿಲ್ಲ.

ಒಂದು ಭಾನುವಾರ ಅವರು ಬಂದಾಗ ಕಣ್ಣು ಊದಿಕೊಂಡಿದ್ದವು. ಹಿಂದಿನ ದಿನ ಜಮೀಲಾಳ ಮಗಳು ಮುರುಕು ಇಂಗ್ಲಿಷಿನಲ್ಲಿ ಫೋನ್ ಮಾಡಿದ್ದಳು. ಇಸ್ರೇಲಿನ ಸೈನ್ಯ ಊರಿಗೆ ಕರ್ಫ್ಯೂ ಹಾಕಿತ್ತು, ಕಿಡ್ನಿ ಕೆಟ್ಟಿದ್ದ ತಾಯಿಯನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮನೆಯಲ್ಲೇ ಹೋಗಿಬಿಟ್ಟಳು. ವಿಜ್ಞಾಪನೆಯ ಹೊತ್ತಿಗೆ ಅಕ್ಕೋರು ಎದ್ದು ನಿಂತರು. "ನನ್ನ ತಂಗಿ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಒಂದು ಗಳಿಗೆಯಲ್ಲಿ ಕಾರ್ಯದರ್ಶಿ ಮೈಕಿನ ಹತ್ತಿರ ಹೋಗಿ ಹಾಡು ಎತ್ತಿಕೊಂಡ. ಕೀಬೋರ್ಡಿನವನು ಅವನನ್ನು ಹಿಂಬಾಲಿಸಿದ, ಮುಂದಿನ ಬೆಂಚುಗಳು ಚಪ್ಪಾಳೆ ತಟ್ಟಿದವು. ಅಕ್ಕೋರ ತುಟಿ ಅಲ್ಲಾಡುತ್ತಿದ್ದದ್ದು ನನಗೆ ಕಾಣಿಸಿತು, ಪಕ್ಕದಲ್ಲೇ ಇದ್ದರೂ ದನಿ ಕೇಳಿಸಲಿಲ್ಲ. ಸತ್ತವಳ ಹೆಸರನ್ನು ಹಾಡಿನಿಂದ ಮುಚ್ಚಿದವನನ್ನು ನಾನು ಅಂದೇ ದ್ವೇಷಿಸಲು ಶುರುಮಾಡಿದೆ. ಇವತ್ತಿಗೂ ಅದು ಹಾಗೇ ಇದೆ, ಅದಕ್ಕಾಗಿ ನನಗೆ ನಾಚಿಕೆಯಿಲ್ಲ.

ಆ ದಿನ ಸಮಾಧಾನ ಮುಂದಿನಿಂದ ಹರಿದು ಕೊನೆಯ ಬೆಂಚಿಗೆ ಬಂತು. ಅಕ್ಕೋರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೊಡಲು ಬಂದವನು ಕೈ ಚಾಚಿಕೊಂಡೇ ನಿಂತ. "ಅದು ಆ ಕೈಯಿಂದ ಬಂದದ್ದು. ನಂಗ ಬ್ಯಾಡ" ಎಂದು, ನಡುದಾರಿಯಲ್ಲಿ ನೆಟ್ಟಗೆ ನಡೆದು, ಅಯ್ಯನವರ ಮುಂದೆ ಕೈ ಜೋಡಿಸಿ ನಿಂತರು. ಅಯ್ಯನವರು ಸಾಧು ಮನುಷ್ಯ, ಕಾರ್ಯದರ್ಶಿಯ ಮುಖ ನೋಡಿದರು, ಅಕ್ಕೋರ ಮುಖ ನೋಡಿದರು, ಕೊನೆಗೆ ಇನ್ನೊಮ್ಮೆ ಸಮಾಧಾನ ಕೊಟ್ಟರು. ಅಕ್ಕೋರು ಅದನ್ನು ತಂದು ನನಗೆ ಕೊಟ್ಟರು, ನಾನು ಪಕ್ಕದ ಗಾರೆ ಕೆಲಸದ ಹೆಣ್ಣುಮಗಳಿಗೆ. ಹೀಗೆ ಹಿಂದಿನಿಂದ ಮುಂದಕ್ಕೆ ಎರಡನೆಯ ಸಾಲು ಹೊರಟಿತು. ಅದು ನಡುವಿನ ಬೆಂಚಿಗೆ ಬಂದಾಗ, ಮೊದಲನೆಯದನ್ನು ಆಗಲೇ ತೆಗೆದುಕೊಂಡಿದ್ದ ಬೆಂಗಳೂರಿನ ದಂಪತಿ ಇದನ್ನೂ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕಕ್ಕಾಬಿಕ್ಕಿಯಾದರು. ಬರಬರುತ್ತಾ ಅದೇ ರೂಢಿಯಾಯಿತು. ಅಯ್ಯನವರೇ ಎರಡನೆಯದನ್ನು ಹಿಂದಿನ ಬೆಂಚಿಗೆ ತಂದುಕೊಡತೊಡಗಿದರು. ಹೊಸಬರು ನಮ್ಮ ಸಭೆಯ ಪದ್ಧತಿಯೇ ಹೀಗೆ ಎಂದುಕೊಂಡರು.

ವರ್ಷಗಳು ಕಳೆದವು. ಅಕ್ಕೋರು ಹೊಟ್ಟೆಯ ಗಡ್ಡೆಯಿಂದ ಹಾಸಿಗೆ ಹಿಡಿದರು. ತಾರ್ನಾಕದ ಅವರ ಮನೆಗೆ ನಾನು ಆಫೀಸು ಬಿಟ್ಟು ಹೋಗುತ್ತಿದ್ದೆ. ರೊಟ್ಟಿ ಬಡಿಯದೆ ಅವರ ಅಂಗೈ ಮೆತ್ತಗಾಗುತ್ತಿತ್ತು, ಅದು ಅವರಿಗೇ ಹಿಡಿಸುತ್ತಿರಲಿಲ್ಲ.

"ಆ ಕಾರ್ಯದರ್ಶಿ ಬರ್ತಾನ ನೋಡು," ಎಂದರು ಒಂದು ಸಂಜೆ. "ನಾ ಸತ್ತ ಮ್ಯಾಲ ಮಣ್ಣು ಹಾಕಾಕ ಬರ್ತಾನ. ಹಾಕಗೊಡಬ್ಯಾಡ."

"ಬಿಟ್ಟುಬಿಡಿ ಅಕ್ಕೋರೆ. ಈಗಲಾದ್ರೂ ಕ್ಷಮಿಸಿಬಿಡಿ," ಎಂದೆ, ಬಾಯಿಮಾತಿಗೆ.

"ನನಗ ಮಾಡಿದ್ದು ಯಾವಾಗೋ ಬಿಟ್ಟೀನಿ. ಸಂಡೇಸ್ಕೂಲು ಹೋದ್ರ ಹೋತು. ಆಕಿಗೆ ಮಾಡಿದ್ದು ಬಿಡಾಕ ನಾ ಯಾರು?" ಉಸಿರು ಸಾಲದೆ ದಿಂಬಿಗೆ ಒರಗಿಕೊಂಡರು. "ಎಲ್ಲಾರ ಮುಂದ ಆಕಿ ಹೆಸರು ಹೇಳ್ಲಿ. ಆಮ್ಯಾಲ ಬೇಕಾದ್ರ ಬುಟ್ಟಿಗಟ್ಟಲೆ ಹಾಕ್ಲಿ." ನಾನು ಮಾತು ಕೊಟ್ಟೆ. ಅವರು ನನ್ನ ಕೈ ಒತ್ತಿದರು, ಆಗ ನೋಯಲಿಲ್ಲ.

ಅವರು ಹೇಳಿದಂತೆಯೇ ಆಯಿತು. ಪೆಟ್ಟಿಗೆ ಇಳಿಸಿ ಅಯ್ಯನವರು ಪ್ರಾರ್ಥನೆ ಮುಗಿಸಿದ ಮೇಲೆ ಜನ ಮುಷ್ಟಿ ಮಣ್ಣು ಹಾಕಲು ಸಾಲಾಗಿ ಬಂದರು. ಮಣಿಕೊಂಡದ ಕೂಲಿಯವರು ಅಂದಿನ ಕೆಲಸ ಬಿಟ್ಟು ಬಂದಿದ್ದರು. ಕಾರ್ಯದರ್ಶಿ ಜೇಬಿನಿಂದ ಮಖಮಲ್ಲಿನ ಪುಟ್ಟ ಚೀಲ ತೆಗೆದ. ಈಚೆಗೆ ತಾನೂ ಯಾತ್ರೆ ಹೋಗಿಬಂದಿದ್ದೆ, ಟೀಚರಿಗೆ ಗೌರವವಾಗಿ ಪವಿತ್ರ ನಾಡಿನ ಮಣ್ಣು ತಂದಿದ್ದೇನೆ ಎಂದು ಸುತ್ತಲಿದ್ದವರಿಗೆ ಹೇಳಿದ. ನಾನು ಗುಂಡಿಯ ಅಂಚಿಗೆ ಹೋಗಿ ಅವನ ಎದುರು ನಿಂತೆ.

"ಈ ಮಣ್ಣು ಯಾವ ಊರಿನದ್ದು?"

"ಬೆತ್ಲೆಹೇಮಿಂದ, ಸಿಸ್ಟರ್."

"ಅಲ್ಲಿ ಅಕ್ಕೋರ ತಂಗಿಯಿದ್ದಳು. ಅವಳ ಹೆಸರು ಹೇಳಿ, ಆಮೇಲೆ ಹಾಕಿ. ಇದು ಅಕ್ಕೋರ ಮಾತು, ನನ್ನದಲ್ಲ."

ಅವನು ಅಯ್ಯನವರ ಕಡೆ ನೋಡಿದ. ಅಯ್ಯನವರು ಆಕಾಶ ನೋಡಿದರು. ಸಾಲು ನಿಂತುಹೋಯಿತು. ಅವನಿಗೆ ಹೆಸರು ಗೊತ್ತಿತ್ತು, ಅಷ್ಟು ಭಾನುವಾರ ಕೇಳಿದ ಹೆಸರು ಯಾರಿಗೆ ಮರೆಯುತ್ತದೆ? ತುಟಿ ಅಲ್ಲಾಡಿಸಿದ.

"ಕೇಳಿಸಲಿಲ್ಲ" ಎಂದೆ. ಆ ಮಾತನ್ನು ಹೇಳಲು ನಾನು ವರ್ಷಗಟ್ಟಲೆ ಕಾದಿದ್ದೆನೆಂದು ಆಗಲೇ ನನಗೆ ತಿಳಿದದ್ದು.

"ಜಮೀಲಾ" ಎಂದ, ಗಟ್ಟಿಯಾಗಿ.

ಹಿಂದೆ ನಿಂತಿದ್ದ ಕೂಲಿಯವರು ಯಾರೂ ಹೇಳಿಕೊಡದೆ, ಅಭ್ಯಾಸಬಲದಿಂದ, "ಕರ್ತನೇ, ಕೇಳು" ಎಂದರು. ಆ ದನಿಗೆ ಅವನು ಹಿಂದೆ ತಿರುಗುವಷ್ಟರಲ್ಲಿ ಅರ್ಧ ಮಣ್ಣು ಅವನ ಶೂಗಳ ಮೇಲೆಯೇ ಬಿತ್ತು. ನನ್ನ ಹೊಟ್ಟೆ ತಣ್ಣಗಾಯಿತು. ಅಕ್ಕೋರು ನೋಡಬೇಕಿತ್ತು ಎನಿಸಿ ಆಗ ಅಳು ಬಂತು.

ಎಲ್ಲ ಮುಗಿದು ಹೊರಡುವಾಗ ಗೇಟಿನ ಹತ್ತಿರ ಅವನು ಎರಡೂ ಕೈ ಚಾಚಿದ. "ಸಮಾಧಾನ, ಸಿಸ್ಟರ್" ಎಂದ. ಕಣ್ಣು ಒದ್ದೆಯಾಗಿದ್ದವು, ಸುಳ್ಳು ಹೇಳಲಾರೆ. ಮಣ್ಣಿಗೆ ಅಕ್ಕೋರು ಷರತ್ತು ಹಾಕಿದ್ದರು, ಅದನ್ನು ಅವನು ತೀರಿಸಿದ್ದ. ಈ ಕೈಗಳ ಬಗ್ಗೆ ಅವರು ಏನೂ ಹೇಳಿರಲಿಲ್ಲ, ಅದು ನನಗೆ ಬಿಟ್ಟದ್ದು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮುಂದಿನ ಭಾನುವಾರ ಮೊದಲ ಸಾಲಿಗೆ ಸಮಾಧಾನ ಕೊಟ್ಟ ಅಯ್ಯನವರು ಎಂದಿನಂತೆ ಕೊನೆಯ ಬೆಂಚಿಗೆ ನಡೆದುಬಂದರು. ಅಕ್ಕೋರ ಜಾಗ ಖಾಲಿಯಿರುವುದನ್ನು ನೋಡಿ ತಡವರಿಸಿದರು, ಮರಳಿ ಹೋಗಲು ತಿರುಗಿದರು. ನಾನು ಆ ಜಾಗಕ್ಕೆ ಸರಿದು ನಿಂತು ಕೈ ಜೋಡಿಸಿದೆ.