ಮುನಿರಾಮಯ್ಯ ಈಗ ಚೆಂಡು ಎತ್ತುವುದಿಲ್ಲ

ಯಲಹಂಕದ ಆ ಪ್ರೌಢಶಾಲೆಯ ಮೈದಾನಕ್ಕೆ ಇನ್ನೂ ಬೆಳಕು ಬಂದಿಲ್ಲ. ಕಾಂಪೌಂಡಿನಾಚೆ ವಿಮಾನ ನಿಲ್ದಾಣದ ಕಡೆ ಓಡುವ ಟ್ಯಾಕ್ಸಿಗಳ ಸದ್ದು ಮಾತ್ರ ಎದ್ದಿದೆ. ಕಾವಲುಗಾರ ಮುನಿರಾಮಯ್ಯ ತಲೆಗೆ ಟವೆಲ್ ಸುತ್ತಿಕೊಂಡು, ವಾಲಿಬಾಲ್ ಅಂಕಣದಲ್ಲಿ ನೆಟ್ಟಿನ ಬಳಿ ಮಣ್ಣು ಕೆದಕುತ್ತಿದ್ದಾರೆ. ಗುದ್ದಲಿ ಎಡಗೈಯಲ್ಲಿದೆ. ಕಲ್ಲು ಸಿಕ್ಕರೆ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಕೆಟ್ಟಿನಿಂದ ನೀರು ಚಿಮುಕಿಸಿ, ಬರಿಗಾಲಲ್ಲಿ ಒತ್ತಿ ನೋಡುತ್ತಾರೆ. ಗಟ್ಟಿ ಅನ್ನಿಸಿದರೆ ಮತ್ತೆ ಗುದ್ದಲಿ.

“ಎಗರೋದು ಆ ಮಗಿನ ಕೆಲ್ಸ. ಇಳಿಯೋ ಜಾಗ ನಂದು,” ಅನ್ನುತ್ತಾರೆ.

ಆ ಮಗುವಿನ ಹೆಸರು ಇಂದು, ಹತ್ತನೇ ತರಗತಿ. ಅವಳು ನೆಟ್ಟಿನ ಮೇಲೆದ್ದು ಚೆಂಡು ಬಾರಿಸಿದರೆ ಎದುರು ಬದಿಯ ಹುಡುಗಿಯರು ಕೈ ಒಡ್ಡುವುದು ಬಿಟ್ಟು ತಲೆ ತಗ್ಗಿಸುತ್ತಾರೆ. ತಾಲ್ಲೂಕು ಪಂದ್ಯ ಗೆದ್ದ ತಂಡದ ಫೋಟೋ ಮುಖ್ಯೋಪಾಧ್ಯಾಯರ ಕೋಣೆಯಲ್ಲಿದೆ. ಅದರ ನಡುವೆ ಕಪ್ ಹಿಡಿದವಳು ಇವಳೇ. ಫೋಟೋ ತೆಗೆಯುವಾಗ ಮುನಿರಾಮಯ್ಯ ಗೇಟಿನಲ್ಲಿದ್ದರು.

ಅವರು ಹುಟ್ಟಿದ್ದು ಮಾಕಳಿಯಲ್ಲಿ. ಪ್ರಾಯವೆಲ್ಲ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿಯಾಗಿ ಕಳೆಯಿತು. ಮೂಟೆ ಇಳಿಸುವವರೆಲ್ಲ ಸೇರಿ ಕಟ್ಟಿದ್ದ ವಾಲಿಬಾಲ್ ತಂಡದಲ್ಲಿ ಇವರು ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವರು. “ಸ್ಮ್ಯಾಶ್ ಒಡೆದೋನ್ಗೆ ಚಪ್ಪಾಳೆ. ಎತ್ತಿಕೊಟ್ಟೋನ್ ಎಸ್ರು ಯಾವನಿಗ್ ಬೇಕು? ಅದೇ ಚೆಂದ ಬುಡಿ, ಸೋತ್ರೂ ಬೈಯಲ್ಲ,” ಎಂದು ನಗುತ್ತಾರೆ. ಒಂದು ದಿನ ಲಾರಿಯ ಮೇಲಿಂದ ಆಲೂಗಡ್ಡೆ ಮೂಟೆಯೊಂದು ಹೆಗಲ ಅಂಚಿಗೆ ಬಿತ್ತು. ಅಂದಿನಿಂದ ಬಲಗೈ ಭುಜದ ಮಟ್ಟ ದಾಟಿ ಮೇಲೇಳುವುದಿಲ್ಲ. ಹಮಾಲಿ ಕೆಲಸ ಬಿಟ್ಟುಹೋಯಿತು, ಆಟವೂ ಬಿಟ್ಟುಹೋಯಿತು. ಶಾಲೆಯ ಗೇಟು ಸಿಕ್ಕಿತು.

ಇಂದುವಿನ ತಾಯಿ ಶಿಲ್ಪ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವರು. ಬೆಳಗಿನ ಪಾಳಿಗೆ ಹೊರಡುವಾಗ ಮಗಳನ್ನು ಒಂಟಿಯಾಗಿ ಕೋಣೆಯಲ್ಲಿ ಬಿಡಲು ಧೈರ್ಯ ಸಾಲದೆ, ಕತ್ತಲಿರುವಾಗಲೇ ಶಾಲೆಯ ಗೇಟಿಗೆ ತಂದು ಬಿಡುತ್ತಿದ್ದರು. ಆಗ ಇಂದು ಆರನೇ ತರಗತಿ. ಗಾಳಿ ಹೋದ ಚೆಂಡೊಂದನ್ನು ಗೋಡೆಗೆ ಬಾರಿಸುತ್ತ ಹೊತ್ತು ಕಳೆಯುತ್ತಿದ್ದಳು. ಸದ್ದು ಕೇಳಿ ಮುನಿರಾಮಯ್ಯ ಎದ್ದು ಬಂದರು. ಆ ಪುಟ್ಟ ಕೈ ಚೆಂಡಿನ ನೆತ್ತಿಗೇ ಬೀಳುತ್ತಿತ್ತು. ಗೋಡೆ ಬಿಟ್ಟು ಈ ಕಡೆ ತಿರುಗು ಅಂದರು. ಚೆಂಡಿಗೆ ಗಾಳಿ ತುಂಬಿಸಿಕೊಂಡು ಬಂದು ಮೊದಲ ಸಲ ಎತ್ತಿಕೊಟ್ಟರು.

ಕೈ ತಲೆಯ ಮೇಲೆ ಏಳದ ಕಾರಣ ಅವರು ಎತ್ತುತ್ತಿದ್ದದ್ದು ಸೊಂಟದ ಬಳಿಯಿಂದ. ಚೆಂಡು ಬಹಳ ಎತ್ತರಕ್ಕೆ ಹೋಗಿ, ನೆಟ್ಟಿನಿಂದ ದೂರದಲ್ಲಿ, ನಿಧಾನವಾಗಿ ಇಳಿಯುತ್ತಿತ್ತು. ವರ್ಷಗಟ್ಟಲೆ, ಪ್ರತಿ ಬೆಳಿಗ್ಗೆ, ಅದೇ ಚೆಂಡು.

“ತಾತ, ನಿಮ್ ಬಾಲ್ ಕೆಳಗೆ ಬರೋಷ್ಟ್ರಲ್ಲಿ ಒಂದ್ ಕಾಫಿ ಕುಡ್ಕೊಂಡ್ ಬರ್ಬೋದು!” ಎಂದು ಇಂದು ಛೇಡಿಸುತ್ತಿದ್ದಳು.

“ಕುಡ್ಕೊಂಡೇ ಬಾರಮ್ಮಿ, ನಂಗೂ ಅರ್ಧ ತತ್ತಾ.”

ಮನೆಯಲ್ಲಿ ಹೆಂಡತಿ ಅಕ್ಕಯ್ಯಮ್ಮನ ದೂರು ಬೇರೆ. “ನಂಗೊಂದ್ ಬಿಂದಿಗೆ ನೀರು ಎತ್ತಿಕೊಡು ಅಂದ್ರೆ ಭುಜ ನೋಯ್ತದೆ. ಆ ಮಗೀಗೆ ಬಾಲ್ ಎತ್ತಕ್ಕೆ ಮಾತ್ರ ಈವಯ್ಯಂಗೆ ಏನೂ ನೋಯಲ್ಲ ಕಣ್ರೀ.”

ನೋಯುತ್ತಿತ್ತು. ಆ ಮಗುವಿಗೆ ಹೇಳುತ್ತಿರಲಿಲ್ಲ, ಅಷ್ಟೆ.

ಹೋದ ವರ್ಷ ಕ್ರೀಡಾ ವಸತಿನಿಲಯದ ಆಯ್ಕೆ ನಡೆಯಿತು. ಅಲ್ಲಿ ಸೇರಿದರೆ ಊಟ, ಓದು, ತರಬೇತಿ ಎಲ್ಲವೂ ಅವರದೇ. ಸೇರದಿದ್ದರೆ ಹತ್ತನೇ ತರಗತಿ ಮುಗಿಯುತ್ತಲೇ ಮಗಳನ್ನೂ ಆಸ್ಪತ್ರೆಯ ಕೆಲಸಕ್ಕೆ ಕರೆದೊಯ್ಯುವುದೆಂದು ಶಿಲ್ಪ ಆಗಲೇ ತೀರ್ಮಾನಿಸಿದ್ದರು. ಆಯ್ಕೆಯ ದಿನ ಮುನಿರಾಮಯ್ಯ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ತಂತಿ ಬೇಲಿಯ ಹೊರಗೆ ನಿಂತರು.

ಅಲ್ಲಿಯ ಲಿಫ್ಟರ್ ಕೊಟ್ಟ ಚೆಂಡು ನೆಟ್ಟಿಗೆ ಅಂಟಿದಂತೆ, ತಗ್ಗಿನಲ್ಲಿ, ಸರ್ರನೆ ಬಂತು. ಇಂದು ಓಡಿ ಬಂದು, ಎಂದಿನಂತೆ ಅರೆಗಳಿಗೆ ತಡೆದು, ಆಮೇಲೆ ಜಿಗಿದಳು. ಅಷ್ಟರಲ್ಲಿ ಚೆಂಡು ದಾಟಿ ಹೋಗಿತ್ತು. ಎರಡನೆಯದೂ ಹಾಗೇ. ಮೂರನೆಯದು ನೆಟ್ಟಿಗೆ ಬಿತ್ತು. ನೋಡುತ್ತಿದ್ದವರು ಹುಡುಗಿ ಹೆದರಿದ್ದಾಳೆ ಅಂದುಕೊಂಡರು. ಬೇಲಿಯ ಹೊರಗಿದ್ದ ಮುನಿರಾಮಯ್ಯನಿಗೆ ಮೊದಲ ಚೆಂಡಿಗೇ ಗೊತ್ತಾಗಿತ್ತು. ಆ ಅರೆಗಳಿಗೆ ಕಲಿಸಿದವರು ಅವರೇ.

ಬರುವಾಗ ಬಸ್ಸಿನಲ್ಲಿ ಇಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ದೈಹಿಕ ಶಿಕ್ಷಕ ನರೇಂದ್ರ ತಗ್ಗಿದ ದನಿಯಲ್ಲಿ, “ಹುಡುಗಿದೇನೂ ತಪ್ಪಿಲ್ಲ ಮುನಿರಾಮಣ್ಣ. ನಿಮ್ ಬಾಲ್‌ಗೆ ಒಗ್ಗೋಗಿದ್ದಾಳೆ. ನಾನಾದ್ರೂ ನೋಡ್ಬೇಕಿತ್ತು,” ಅಂದರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಬಹಳ ಹೊತ್ತು ನಿಂತಿತ್ತು.

ಮರುದಿನದಿಂದ ಅವರು ಚೆಂಡು ಮುಟ್ಟಿಲ್ಲ.

ಈಗ ಎತ್ತಿಕೊಡುವವಳು ಒಂಬತ್ತನೇ ತರಗತಿಯ ಪದ್ಮಶ್ರೀ. ಚುರುಕು ಬೆರಳು. ನರೇಂದ್ರ ಅವಳಿಗೆ ಬೇಸಿಗೆ ರಜೆಯಿಡೀ ತಗ್ಗಿನ ಚೆಂಡು ಕೊಡುವುದನ್ನು ಕಲಿಸಿದ್ದಾರೆ. ಈ ವರ್ಷದ ಆಯ್ಕೆ ಬರುವ ವಾರ. ವಯಸ್ಸಿನ ಮಿತಿಯಿಂದಾಗಿ ಇಂದುವಿಗೆ ಇದೇ ಕೊನೆಯದು.

ಬೆಳಕು ಬಂದಿದೆ. ಹುಡುಗಿಯರು ನೆಟ್ಟು ಬಿಗಿಯುತ್ತಾರೆ. ಮೇಲಿನ ಗಂಟು ಮುನಿರಾಮಯ್ಯನ ಕೈಗೆ ಎಟುಕುವುದಿಲ್ಲ, ಕೆಳಗಿನದನ್ನು ಅವರು ಕಟ್ಟುತ್ತಾರೆ. ಪದ್ಮಶ್ರೀ ಎತ್ತುತ್ತಾಳೆ, ಇಂದು ಓಡಿ ಬರುತ್ತಾಳೆ. ತಡೆಯುತ್ತಾಳೆ. ಚೆಂಡು ನೆಟ್ಟಿಗೆ.

“ಅಕ್ಕಾ, ನಿಲ್ಬೇಡ ಅಂತ ಎಷ್ಟ್ ಸಲ ಹೇಳ್ಬೇಕು? ಬಸ್‌ಸ್ಟಾಪಾ ಇದು?” ಪದ್ಮಶ್ರೀ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ.

“ನಾನೆಲ್ಲೇ ನಿಂತೆ? ಕಾಲು ನಿಲ್ಲತ್ತೆ ಕಣೇ!”

ಮತ್ತೆ ನಾಲ್ಕಾರು ಚೆಂಡು ಹಾಗೇ ಹೋಗುತ್ತವೆ. ಇಂದು ಬೆವರು ಒರೆಸಿಕೊಂಡು ಬೇವಿನ ಮರದ ಕಡೆ ಬರುತ್ತಾಳೆ. ಮುನಿರಾಮಯ್ಯ ಅಲ್ಲಿ ಕಲ್ಲಿನ ಮೇಲೆ ಕೂತಿದ್ದಾರೆ.

“ತಾತ, ಒಂದೇ ಒಂದು ಎತ್ತಿ. ಒಂದ್ ಸಲ ಸರಿಯಾಗಿ ಹೊಡ್ಕೊಂಡ್ಬಿಟ್ರೆ ಮನಸ್ಸು ಸರಿಹೋಗತ್ತೆ.”

“ಆಗಕಿಲ್ಲ.”

“ಯಾಕೆ, ಕೋಪಾನಾ?”

“ಕೋಪ ಯಾಕವ್ವ? ಭುಜ ನೋಯ್ತದೆ.”

ಅಷ್ಟು ವರ್ಷ ಅವಳ ಮುಂದೆ ಬಾಯಿ ಬಿಟ್ಟು ಹೇಳದ ಮಾತು ಅದು. ಇಂದು ಅವರ ಭುಜ ನೋಡಿ, ಮುಖ ನೋಡಿ, ಹಿಂದಿರುಗುತ್ತಾಳೆ. ಸ್ವಲ್ಪ ಹೊತ್ತಿಗೆ ಚೆಂಡೊಂದು ಉರುಳಿ ಮರದ ಬುಡಕ್ಕೆ ಬರುತ್ತದೆ. “ತಾತಾ, ಬಾಲ್!” ಎಂದು ಪದ್ಮಶ್ರೀ ಕೂಗುತ್ತಾಳೆ. ಮುನಿರಾಮಯ್ಯ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಪಾದದಿಂದ ಮೆಲ್ಲಗೆ ನೂಕಿ, ನೆಲದ ಮೇಲೇ ಉರುಳಿಸುತ್ತಾರೆ.

ಗಂಟೆ ಬಾರಿಸುವ ಹೊತ್ತಾಗುತ್ತದೆ. ಹುಡುಗಿಯರು ಕೈಕಾಲು ತೊಳೆಯಲು ನಲ್ಲಿಯತ್ತ ಓಡುತ್ತಾರೆ. ಅಂಕಣದಲ್ಲಿ ಒಬ್ಬರೇ ಉಳಿದ ಮುನಿರಾಮಯ್ಯ ನೆಟ್ಟಿನ ಬಳಿ ಬಂದು ಬಗ್ಗುತ್ತಾರೆ. ಅವರ ಚೆಂಡಿಗೆ ಹಾರಿದಾಗ ಇಂದು ಇಳಿಯುತ್ತಿದ್ದ ಜಾಗ ನೆಟ್ಟಿನಿಂದ ಹಿಂದಕ್ಕಿದೆ. ಅದಕ್ಕೆ ಅವರು ನೀರು ಹಾಕುವುದನ್ನು ನಿಲ್ಲಿಸಿ ವರ್ಷವಾಯಿತು, ಮಣ್ಣು ಕಾದು ಬಿಗಿದಿದೆ. ಮುಂಜಾನೆ ಗುದ್ದಲಿಯಲ್ಲಿ ಸಡಿಲಿಸಿದ್ದು ಹೊಸ ಜಾಗ, ನೆಟ್ಟಿಗೆ ಹತ್ತಿರದ್ದು. ತಡೆಯದೆ ಜಿಗಿದರೆ ಇಳಿಯಬೇಕಾದದ್ದು ಅಲ್ಲಿ.

ಗಟ್ಟಿ ನೆಲದ ಮೇಲೆ ಧೂಳು ಚದುರಿದ ಗುರುತುಗಳು ತುಂಬ ಇವೆ. ಒದ್ದೆ ಮಣ್ಣಿನಲ್ಲಿ ಇಂದುವಿನ ಒಂದೇ ಒಂದು ಜೊತೆ ಹೆಜ್ಜೆ ಒತ್ತಿದೆ. ಎಷ್ಟು ಹೊತ್ತಿಗೆ ಬಿದ್ದದ್ದೋ, ಅವರು ನೋಡಿರಲಿಲ್ಲ.

“ಗಟ್ಟಿ ನೆಲದಾಗೆ ಇಳಿದು ಇಳಿದು ಮಂಡಿ ನೋಯ್ತದೆ ಅಂತಾಳೆ. ಅಲ್ಲೂ ನೀರು ಆಕ್ಬೋದು, ಮನ್ಸು ಎಳೀತದೆ,” ತಮಗೆ ತಾವೇ ಅನ್ನುತ್ತಾರೆ. “ಆಕಿದ್ರೆ ಅಲ್ಲೇ ಇಳೀತಾಳೆ. ನನ್ ಬಾಲು ಆ ಮಗಿನ ಕಾಲಿಂದ ಓಗ್ಬೇಕು. ಅದೊಂದಾದ್ರೆ ಸಾಕು ನಂಗೆ.”

ಬಕೆಟ್ಟಿನಲ್ಲಿ ಉಳಿದ ನೀರನ್ನು ಆ ಒಂದು ಜೊತೆ ಹೆಜ್ಜೆ ಅಳಿಸದಂತೆ, ಸುತ್ತಲೂ ಚಿಮುಕಿಸಿ, ಗಂಟೆ ಹೊಡೆಯಲು ಹೋಗುತ್ತಾರೆ.