ಗೋದಲಿಯಲ್ಲಿ ಇಲ್ಲದ ಮನೆ

ಕ್ರಿಸ್ಮಸ್ಸಿಗೆ ಬೇರೆಯವರ ಮನೆಗಳಲ್ಲಿ ಬೆತ್ಲೆಹೇಮ್ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ನಮ್ಮ ಊರನ್ನೇ ಕಟ್ಟುತ್ತಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ತೋರಿಸುವುದಕ್ಕೆ ಗೋದಲಿ ಎನ್ನುತ್ತಾರಲ್ಲ, ಅದರಲ್ಲಿ ಒಂಟೆ, ಖರ್ಜೂರದ ಮರ ಇರಬೇಕಾದ ಕಡೆ ನಮ್ಮಲ್ಲಿ ಮೀನು ಒಣಗಿಸುವ ಚಾಪೆ, ವಾಲಿದ ಕರೆಂಟು ಕಂಬ, ಮಾರುತಿ ಗುಡಿ ಮತ್ತು ಬಸ್ಸು ನಿಲ್ಲದ ಒಂದು ಬಸ್‌ಸ್ಟಾಪು ಇರುತ್ತಿದ್ದವು. ಮನೆಮನೆಯ ಗೋದಲಿ ನೋಡಲು ಬಂದ ಪಾದ್ರಿಗಳು ಒಮ್ಮೆ ಬಹಳ ಹೊತ್ತು ನಿಂತು, “ಬೆತ್ಲೆಹೇಮಿನಲ್ಲಿ ಮಾರುತಿ ಗುಡಿ ಇತ್ತೇ?” ಎಂದು ಕೇಳಿದರು. “ಬೆತ್ಲೆಹೇಮಿಂದು ಗೊತ್ತಿಲ್ಲ ಫಾದರ್, ನಮ್ಮೂರಲ್ಲಿ ಇತ್ತು” ಎಂದ ಅಪ್ಪ. ಪಾದ್ರಿಗಳು ತೀರ್ಥ ಚಿಮುಕಿಸಿ, ಕರ್ಜಿಕಾಯಿಯಂಥ ನೇವ್ರಿ ತಿಂದು ಹೋದರು.

ಊರು ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಮುದ್ರದ ಬದಿಗೆ ಇತ್ತು. ನೌಕಾನೆಲೆಗಾಗಿ ಆ ಬದಿಯನ್ನು ಬಿಟ್ಟುಕೊಡಬೇಕಾಗಿ ಬಂತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಕೆಲವರು ಬೆಳಂಬಾರದ ನೆಂಟರ ಹತ್ತಿರ, ಕೆಲವರು ಅಂಕೋಲೆಯ ಬೊಬ್ರುವಾಡಕ್ಕೆ. ನಮಗೆ ಹೆದ್ದಾರಿ ಪಕ್ಕದ ಪುನರ್ವಸತಿ ಕಾಲನಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಕಟ್ಟಿದ ಮನೆಯನ್ನು ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ದಿನವೂ ಮನೆ ಎನ್ನಲಿಲ್ಲ. ‘ಶೆಡ್ಡು’ ಎನ್ನುತ್ತಿದ್ದಳು. ಸ್ಲ್ಯಾಬು ಹಾಕಿದ, ನುಣ್ಣನೆ ನೆಲದ ಶೆಡ್ಡು. ಮನೆಯೊಳಗೆ ನಮ್ಮ ಮಾತು ಕೊಂಕಣಿ, ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ. ಬೈಗುಳ ಕೊಂಕಣಿಯಲ್ಲೇ ಚೆಂದ ಇದ್ದವು, ಅವನ್ನು ಬಿಟ್ಟಿದ್ದೇನೆ.

ಅಪ್ಪ ಹಬ್ಬುವಾಡದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಮದುವೆ ಕಾಗದ ಕತ್ತರಿಸಿ ಉಳಿದ ದಪ್ಪ ಅಂಚುಗಳು ವರ್ಷವಿಡೀ ನಮ್ಮ ಮಂಚದ ಕೆಳಗೆ ಸೇರುತ್ತಿದ್ದವು. ಊರಿನ ಮನೆಗಳ ಗೋಡೆ ಎದ್ದದ್ದು ಅವುಗಳಿಂದಲೇ. ಆದ್ದರಿಂದ ಹಿಂದಿನಿಂದ ನೋಡಿದರೆ ಒಂದು ಮನೆಯ ಮೇಲೆ ‘ತಮ್ಮ ಆಗಮನಾಭಿ’ ಎಂದು, ಇನ್ನೊಂದರ ಮೇಲೆ ‘ಉಡುಗೊರೆ ಬೇ’ ಎಂದು ಇರುತ್ತಿತ್ತು. ಬಲ್ಬಿನ ಡಬ್ಬಿಯೊಳಗಿನ ನಿರಿಗೆ ರಟ್ಟಿಗೆ ಕೆಂಪು ಚಿರೇಕಲ್ಲಿನ ಪುಡಿ ಹಚ್ಚಿದರೆ ಹೆಂಚಿನ ಮಾಡು. ಮೈದಾ ಅಂಟಿನಲ್ಲಿ ಅದ್ದಿ ಒಣಗಿಸಿದ ಗೋಣಿಚೀಲ ಗುಡ್ಡ. ಟೇಪು ಮುಗಿದ ಮೇಲೆ ಉಳಿಯುವ ರಟ್ಟಿನ ಬಳೆ ಬಾವಿ. ಬಾಲಯೇಸುವಿಗೆ ಕಾಣಿಕೆ ತರುವ ಮೂವರು ರಾಜರಲ್ಲಿ ಒಬ್ಬ ಸಾಮಾನು ಸಾಗಿಸುವಾಗ ಕಳೆದುಹೋಗಿದ್ದ. ಅವನ ಬದಲಿಗೆ ಬಿಸ್ಕೀಟಿನ ಜೊತೆ ಪುಕ್ಕಟೆ ಬಂದ ಪ್ಲಾಸ್ಟಿಕ್ ಕ್ರಿಕೆಟಿಗನಿಗೆ ಬಂಗಾರದ ಕಾಗದ ಸುತ್ತಿ ನಿಲ್ಲಿಸಿದ್ದೆವು. ಬ್ಯಾಟು ಬಿಡಿಸಲು ಬರಲಿಲ್ಲ. ಅದು ಅವನು ತಂದ ಧೂಪ ಎಂದು ಹೇಳುತ್ತಿದ್ದೆವು.

ಗದ್ದೆ ಮಾತ್ರ ನಿಜದ್ದು. ಹಬ್ಬಕ್ಕೆ ಮುಂಚೆ ಡಬ್ಬದ ಮುಚ್ಚಳಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತಿದರೆ ಕ್ರಿಸ್ಮಸ್ ಹೊತ್ತಿಗೆ ಹಸಿರು ಏಳುತ್ತದೆ. ಹೊಸ ಮನೆಯ ಮೊದಲ ವರ್ಷ ಅಮ್ಮ ಪಕ್ಕದವರ ಅಂಗಳದಲ್ಲಿ ಒಣಗಲು ಹರವಿದ್ದ ಭತ್ತ ಕೇಳಿ ತಂದು ಬಿತ್ತಿದಳು. ದಿನಾ ನೀರು ಹಾಕಿದಳು, ಜಪಸರ ಹೇಳಿದಳು. ಒಂದು ಮೊಳಕೆಯೂ ಬರಲಿಲ್ಲ. ಅದು ಮಿಲ್ಲಿಗೆ ಹೋಗಲಿಕ್ಕೆ ಬೇಯಿಸಿ ಒಣಗಿಸಿದ ಭತ್ತ ಎಂದು ಹಬ್ಬದ ಹಿಂದಿನ ದಿನ ಗೊತ್ತಾಯಿತು. “ಗದ್ದೆ ಇದ್ದವರ ಮಗಳು!” ಎಂದಳು ಅಜ್ಜಿ. ಆ ವರ್ಷ ನಮ್ಮ ಊರಿಗೆ ಬರಗಾಲ.

ಊರಿನವರು ಎಲ್ಲೇ ಇದ್ದರೂ ಹಬ್ಬದ ದಿನ ಈ ಗೋದಲಿ ನೋಡಲು ಬರುತ್ತಿದ್ದರು. ಹಿಂದೂಗಳೇ ಹೆಚ್ಚು. ಬೊಂಬೆಗಳ ಕಡೆ ಯಾರೂ ನೋಡುತ್ತಿರಲಿಲ್ಲ. ತಮ್ಮ ಮನೆ ಇದೆಯೋ, ಹಿತ್ತಿಲು ಎಷ್ಟು ಬಿಟ್ಟಿದ್ದಾನೆ ಎಂದು ನೋಡಿ, ಅಪ್ಪನ ಜೊತೆ ಜಗಳ ಮಾಡಿ, ಕರಿದ ಸಿಹಿ ಕುಲ್‌ಕುಲ್ ತಿಂದು ಹೋಗುತ್ತಿದ್ದರು. ಒಂದು ಮನೆ ಮಾತ್ರ ಅದರಲ್ಲಿ ಇರಲಿಲ್ಲ. ಅದು ಊರಿನಲ್ಲಿ ನಮ್ಮ ಬೇಲಿಯಾಚೆಗಿದ್ದ ಮನೆ. ಅಲ್ಲಿದ್ದ ಮುದುಕಿಯನ್ನು ನಾವೆಲ್ಲ ‘ಆಯಿ’ ಎನ್ನುತ್ತಿದ್ದೆವು. ಅಜ್ಜಿಯ ವಯಸ್ಸಿನವಳೇ. ಊರಿನ ಕಾಲದಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಬಾವಿಯಿಂದ ನೀರು ತರುವಾಗ ಕೊಡ ಸೊಂಟದಲ್ಲಿಟ್ಟುಕೊಂಡೇ ಆಯಿಯ ಬಾಗಿಲು ಬಡಿದು, “ಒಳಗಿದ್ಯೇನೇ?” ಎಂದು ಕೇಳುತ್ತಿದ್ದಳಂತೆ. ಒಳಗೆ ಹೋಗುವುದಿಲ್ಲ, ಕೆಲಸವೂ ಇಲ್ಲ. ಸುಮ್ಮನೆ ಕೇಳುವುದು. ಆಮೇಲೆ ಒಂದು ದಿನ ಅಜ್ಜಿಯ ಚಾಪೆಯ ಮೇಲಿನ ಒಣಬಂಗಡೆ ಮಾಯವಾಯಿತು. ಆಯಿಯ ಬೆಕ್ಕಿನ ಮೇಲೆ ಅಪವಾದ ಬಂತು. ‘ನಮ್ಮ ಬೆಕ್ಕು ಕಂಡಕಂಡವರ ಮೀನು ತಿನ್ನೂದಿಲ್ಲ’ ಎಂದಳು ಆಯಿ. ಅಂದಿನಿಂದ ಮಾತಿಲ್ಲ. ಊರಿನಿಂದ ಒಂದು ಚೂರೂ ಒಡೆಯದೆ ಸಾಗಿ ಬಂದ ವಸ್ತು ಈ ಜಗಳ ಒಂದೇ. ಆಯಿ ಬೊಬ್ರುವಾಡದ ಮಗನ ಮನೆಗೆ ಹೋದಳು. ನಾವು ಇಲ್ಲಿಗೆ ಬಂದೆವು. “ಅವಳ ಮನೆ ಇಡ್ಬೇಡ. ಅಲ್ಲಿ ಗದ್ದೆ ಮಾಡು” ಎಂದು ಅಜ್ಜಿ ಮೊದಲ ವರ್ಷವೇ ಅಪ್ಪನಿಗೆ ಹೇಳಿದ್ದಳು. ಅಪ್ಪ ಹಾಗೇ ಮಾಡುತ್ತಿದ್ದ.

ನಾನು ಹೈಸ್ಕೂಲು ಮುಗಿಸುವ ವರ್ಷ ಅಜ್ಜಿಯ ಕಣ್ಣು ಹೋಯಿತು. ಕಣ್ಣಿನ ನರ ಒಣಗಿದೆ, ಇನ್ನು ಬೆಳಕು ನೆರಳು ಅಷ್ಟೇ ಎಂದರು ಡಾಕ್ಟರು. ಅಜ್ಜಿ ಅತ್ತದ್ದನ್ನು ನಾವು ಕಾಣಲಿಲ್ಲ. ಡಿಸೆಂಬರಿನಲ್ಲಿ ಅಪ್ಪ ಗೋಣಿಚೀಲ ನೆನೆಸುತ್ತಿದ್ದಾಗ ಹತ್ತಿರ ಬಂದು ಕೂತು, “ಈ ಸಲ ಸಮಾ ಕಟ್ಟು ಪುತಾ. ನಾ ಕೈಯಲ್ಲಿ ನೋಡೂದು” ಎಂದಳು.

ಬಾಲಯೇಸುವಿನ ಬೊಂಬೆಯನ್ನು ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಹಿರಿಯರು ಗೋದಲಿಯಲ್ಲಿ ಮಲಗಿಸಬೇಕು. ಅದಾಗುವ ತನಕ ತಿಂಡಿ ಮುಟ್ಟುವಂತಿಲ್ಲ. ಇದು ನಮ್ಮ ಮನೆಯ ಕ್ರಮ. ಅಪ್ಪ ಕೊಟ್ಟಿಗೆ ಇಡುತ್ತಿದ್ದದ್ದು ಊರಿನಲ್ಲಿ ನಮ್ಮ ಕೊಟ್ಟಿಗೆ ಎಲ್ಲಿತ್ತೋ ಅಲ್ಲಿ, ನಮ್ಮ ಮನೆಯ ಹಿಂದೆ. ಆ ವರ್ಷ ಅಜ್ಜಿ ಹೇಳಿದ್ದು ಇಷ್ಟು: ಸಮುದ್ರದಿಂದ ಹೊರಟು ತಾನೇ ಬೆರಳಿನಲ್ಲಿ ನಡೆದು, ತನ್ನ ಮನೆ ಹುಡುಕಿ, ತಾನೇ ಮಗುವನ್ನು ಮಲಗಿಸುವುದು. ಯಾರೂ ಕೈ ಹಿಡಿಯಬಾರದು.

ಮೊದಲ ಪರೀಕ್ಷೆಯಲ್ಲೇ ತಕರಾರು ಬಂತು. ಗೋದಲಿ ಪ್ರತಿ ವರ್ಷ ಮೂಲೆಯಲ್ಲಿ, ಮೂಡಣ ಗೋಡೆಗೆ, ಸಮುದ್ರ ಗೋಡೆಯ ಬದಿಗೆ ಬರುವಂತೆ ಇರುತ್ತಿತ್ತು. ಮುಂಬಾಗಿಲಿನಿಂದ ಸಂಜೆ ಬಿಸಿಲು ಅಜ್ಜಿಯ ಬೆನ್ನಿಗೆ ಬಿತ್ತು. “ಸಮುದ್ರ ಮುಂದೆ, ಸೂರ್ಯ ಮುಳುಗೂದು ಬೆನ್ನಿಗೆ! ಇದು ಯಾವ ಊರೋ?” ಎಂದಳು. ಪಡುವಣಕ್ಕೆ ಇದ್ದದ್ದು ಮುಂಬಾಗಿಲು ಒಂದೇ. ಅಪ್ಪ ಅದನ್ನು ಮುಚ್ಚಿ ಚಿಲಕ ಹಾಕಿ, ಅಡ್ಡಲಾಗಿ ಮಂಚದ ಹಲಗೆ ಇಟ್ಟು, ಸಮುದ್ರವನ್ನು ಹೊಸ್ತಿಲಿಗೆ ತಾಗಿಸಿ ಊರನ್ನು ಮತ್ತೆ ಕಟ್ಟಿದ.

“ಹಬ್ಬಕ್ಕೆ ಬಂದವರು ಎಲ್ಲಿಂದ ಒಳಗೆ ಬರೂದು? ಮಾಡು ಹರ್ಕಂಡಾ?” ಎಂದಳು ಅಮ್ಮ.

“ಅಡಿಗೆಮನೆಯಿಂದ” ಎಂದ ಅಪ್ಪ. “ಗುಡ್ಡದ ಬದಿಯಿಂದ ಊರಿಗೆ ಇಳಿದ ಹಾಗೆ ಆಗ್ತದೆ.”

ಅಮ್ಮ ನೇವ್ರಿಯ ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ನಾದಿದಳು. ಕರಿಯುವ ಎಣ್ಣೆಯ ಬಾಣಲೆಯ ಪಕ್ಕದಿಂದಲೇ ಎಲ್ಲರ ಓಡಾಟ ಶುರುವಾಯಿತು. ನಾನು ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಕುಲ್‌ಕುಲ್ ಸುರುಳಿ ಮಾಡುತ್ತಾ, ಬೇರೆಯವರ ಹಾಗೆ ಪೇಟೆಯಿಂದ ಒಂದು ಗೋದಲಿ ತಂದಿಟ್ಟರೆ ಯಾರ ಗಂಟು ಹೋಗುತ್ತಿತ್ತು ಎಂದು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಬ್ಬದ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದು ಹೊಸ ಬಟ್ಟೆಯಲ್ಲೇ ಸುತ್ತ ನಿಂತೆವು. ಅಜ್ಜಿ ಗೋದಲಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಮಗುವನ್ನು ಹಿಡಿದು, ಬಲಗೈ ಬೆರಳನ್ನು ನೀಲಿ ಪ್ಲಾಸ್ಟಿಕ್ಕಿನ ಸಮುದ್ರದ ಮೇಲಿಟ್ಟಳು. ಮರಳು ಸಿಕ್ಕಿತು. ಮೀನಿನ ಚಾಪೆ ಸಿಕ್ಕಿತು. ಬಾವಿ ಸಿಕ್ಕಿತು. ಬಾವಿ ದಾಟಿದ ಬೆರಳು ಗದ್ದೆಯ ಒದ್ದೆ ಮಣ್ಣಿಗೆ ಇಳಿದು ನಿಂತಿತು. ಬೆರಳು ಒರೆಸಿ ಮತ್ತೆ ಸಮುದ್ರದಿಂದ ಹೊರಟಳು. ಮತ್ತೆ ಗದ್ದೆ. ಮೂರನೆಯ ಸಲ ಬಲಕ್ಕೆ ತಿರುಗಿ ಗುಡಿಯ ಮೆಟ್ಟಿಲಿಗೆ ಮುಟ್ಟಿದಳು.

“ಅಜ್ಜೀ, ಅದು ಮಾರುತಿ ಗುಡಿ” ಎಂದೆ.

“ಗೊತ್ತು. ಕೈ ಮುಗಿಯೂಕೆ ಹೋಗಿದ್ದೆ.”

ಆಮೇಲೆ ಕರೆಂಟು ಕಂಬ ಬಿತ್ತು. ಕ್ರಿಕೆಟಿಗ ಬಿದ್ದ. ನೋಡಲು ಬಂದವರು ಅಡಿಗೆಮನೆಯಿಂದ ಇಣುಕಿ, ಮಗು ಇಲ್ಲದ ಗೋದಲಿ ನೋಡಿ, ತಿಂಡಿಯ ತಟ್ಟೆ ನೋಡಿ, ಆಮೇಲೆ ಬರುತ್ತೇವೆ ಎಂದು ಹೋದರು. ಗಂಟೆ ಹನ್ನೊಂದಾದರೂ ಯೇಸು ಹುಟ್ಟಿರಲಿಲ್ಲ.

ನನಗೆ ಹಸಿದು ತಲೆ ಕೆಟ್ಟಿತ್ತು. “ಕೊಡು ಅಜ್ಜಿ, ನಾನೇ ಇಡ್ತೆ” ಎಂದು ಕೈ ಚಾಚಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಮುಂದಿನ ವರ್ಷದಿಂದ ನೀನೇ ಇಡು ಪುತಾ. ಈ ಒಂದ್ಸಲ ನಾನೇ ಹೋಗ್ಬೇಕು, ಮನೆ ತನಕ. ಊರು ಇಲ್ಲ, ಕಣ್ಣೂ ಇಲ್ಲ. ದಾರಿಯೂ ತಪ್ಪಿದ್ರೆ ನಂಗೆ ಮತ್ತೆಂತಾ ಉಳೀತು?”

ನನಗೆ ಅಳು ಬಂತು. ಹಸಿವು ಹಾಗೇ ಇತ್ತು. ಅಪ್ಪ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದ. ಮೊದಲಿನಷ್ಟೇ ವಾಲಿಸಿ ನಿಲ್ಲಿಸಿದ.

ಅಷ್ಟರಲ್ಲಿ ಮುಂಬಾಗಿಲನ್ನು ಹೊರಗಿನಿಂದ ಯಾರೋ ದಬದಬ ಬಡಿದರು. ಸಮುದ್ರ ಅಲುಗಿತು.

“ಬಾಗ್ಲು ತೆಗೀರೋ! ಹಬ್ಬದ ದಿನ ಬಾಗ್ಲು ಹಾಕ್ಕಂಡು ಕೂಡೂದು ಎಂತಾ ರೀತಿ?”

ಅಜ್ಜಿಯ ಕೈ ನಿಂತಿತು. ದನಿ ನಮಗೆಲ್ಲ ಗೊತ್ತಾಯಿತು. ಅಪ್ಪ ಪಕ್ಕದ ಗೋಡೆಯ ಕಿಟಕಿಯಿಂದ ತಲೆ ಹಾಕಿ, “ಹಿಂದಿನಿಂದ ಬನ್ನಿ ಆಯಿ, ಇಲ್ಲಿ ಸಮುದ್ರ ಇದೆ” ಎಂದ.

ಬೇಲಿಯಾಚೆಯ ಆಯಿ ಅಡಿಗೆಮನೆ ದಾಟಿ ಒಳಗೆ ಬಂದಳು. ಅವಳು ಹಬ್ಬಕ್ಕೆ ಬಂದದ್ದಲ್ಲ, ಜಗಳಕ್ಕೆ ಬಂದದ್ದು. ಅಂಕೋಲೆಯ ಮೀನು ಪೇಟೆಯಲ್ಲಿ ಯಾರೋ ಹೇಳಿದ್ದರಂತೆ, ಗೋದಲಿಯಲ್ಲಿ ಇಡೀ ಊರಿದೆ, ನಿನ್ನ ಮನೆ ಒಂದೇ ಇಲ್ಲ ಎಂದು. ಬಸ್ಸು ಹತ್ತಿ ಬಂದಿದ್ದಳು. ಸೆರಗು ಸಿಕ್ಕಿಸಿ ನಿಂತು ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು.

“ನಮ್ಮನೆ ಎಲ್ಲಿ?”

ಅಪ್ಪ ಗದ್ದೆಯ ಮುಚ್ಚಳದ ಕಡೆ ನೋಡಿದ.

“ಬಸ್ ನಿಲ್ಲದ ಬಸ್‌ಸ್ಟಾಪಿಗೆ ಜಾಗ ಉಂಟು. ನಾ ಮಕ್ಕಳ ಹೆತ್ತು ಬೆಳೆಸಿದ ಮನೆಗೆ ಜಾಗ ಇಲ್ಲ? ಅಲ್ಲಿ ಗದ್ದೆ ಮಾಡೀರಿ? ನಮ್ಮನೆ ಮೇಲೆ ಗದ್ದೆ?” ಎನ್ನುತ್ತಾ ಆಯಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಬೆರಳು ಇನ್ನೂ ಬಾವಿಯ ಮೇಲೆ, ಕಣ್ಣು ಎಲ್ಲೋ ಗೋಡೆಯ ಮೇಲೆ. ಆಯಿಯ ದನಿ ಅಲ್ಲಿಗೇ ನಿಂತಿತು. ಕಣ್ಣಿನ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅಜ್ಜಿಯೇ ಮಾತಾಡಿದಳು. ಆಯಿಗೆ ಅಲ್ಲ, ಅಪ್ಪನಿಗೆ.

“ಪುತಾ, ಇವಳ ಮನೆ ಇಡು. ಬಾವಿ ದಾಟಿ ಇವಳ ಗೋಡೆ ಹಿಡ್ಕಂಡೇ ನಾ ತಿರುಗೂದಾಗಿತ್ತು. ಇವಳ ಮನೆ ಇಲ್ದೆ ನನ್ನ ಮನೆ ಸಿಗೂದಿಲ್ಲ.”

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಮ್ಮ ಒಲೆಯ ಹತ್ತಿರದ ಬೆಂಕಿಪೆಟ್ಟಿಗೆಯ ಕಡ್ಡಿಗಳನ್ನು ಸುರುವಿ ಖಾಲಿ ಪೆಟ್ಟಿಗೆ ತಂದುಕೊಟ್ಟಳು. ಅಪ್ಪ ಗದ್ದೆಯ ಮುಚ್ಚಳ ಎತ್ತಿ, ಬ್ಲೇಡು ಹಿಡಿದು ಬಾಗಿಲು ಕತ್ತರಿಸಲು ಕೂತ. ಮನೆ ಚಿಕ್ಕದಾಯಿತು ಎಂದಳು ಆಯಿ. ಇದ್ದದ್ದೇ ಅಷ್ಟು ಎಂದಳು ಅಜ್ಜಿ. ತುಳಸಿಕಟ್ಟೆ ಬೇಕೇ ಬೇಕು ಎಂದಳು ಆಯಿ. ನಾನು ನನ್ನ ರಬ್ಬರು ಕತ್ತರಿಸಿ ಅದಕ್ಕೊಂದು ಲವಂಗ ಚುಚ್ಚಿ ಕೊಟ್ಟೆ. ಅಂಟು ಒಣಗುವುದನ್ನು ಕಾಯುತ್ತಾ ಇಬ್ಬರೂ ಕೂತರು.

“ಬೆಕ್ಕು ಹೇಂಗದೆ?” ಎಂದಳು ಅಜ್ಜಿ.

“ಸತ್ತೋಗಿ ಎಷ್ಟು ಕಾಲ ಆಯ್ತು.”

“ಪಾಪ.”

“ಬಂಗಡೆ ಅದೇ ತಿಂದಿತ್ತು” ಎಂದಳು ಆಯಿ. “ನಾ ಕಂಡಿದ್ದೆ.”

ಅಜ್ಜಿ ತಲೆ ಆಡಿಸಿದಳು, ಅಷ್ಟೇ. ಅಪ್ಪ ಬೆಂಕಿಪೆಟ್ಟಿಗೆಯ ಮನೆಯನ್ನು ಜಾಗದಲ್ಲಿಟ್ಟ. ಅಜ್ಜಿ ಮತ್ತೆ ಸಮುದ್ರದಿಂದ ಹೊರಟಳು. ಮರಳು, ಚಾಪೆ, ಬಾವಿ. ಬೆರಳು ಬೆಂಕಿಪೆಟ್ಟಿಗೆಯ ಒರಟು ಬದಿಗೆ ತಾಗಿತು. ಅದನ್ನು ಸವರುತ್ತಾ ಹೋಗಿ, ಮೂಲೆಯಲ್ಲಿ ತಿರುಗಿ, ನಮ್ಮ ಮೆಟ್ಟಿಲು ಹತ್ತಿ, ಬಾಗಿಲು ಮುಟ್ಟಿ, ಹಿಂದಕ್ಕೆ ಹೋಗಿ ಕೊಟ್ಟಿಗೆಯ ಹುಲ್ಲು ಸಿಕ್ಕಿದಾಗ ನಿಂತಿತು. ಮಗುವನ್ನು ಮಲಗಿಸಿ ಶಿಲುಬೆಯ ಗುರುತು ಮಾಡಿಕೊಂಡಳು. ಅಪ್ಪ ಬೇರೆ ಕಡೆ ಮುಖ ಮಾಡಿ ನಿಂತಿದ್ದ. ನಾನು ತಟ್ಟೆಯ ಕಡೆ ಕೈ ಚಾಚಿದೆ.

ಆದರೆ ಅಜ್ಜಿ ಕೈ ತೆಗೆಯಲಿಲ್ಲ. ಬೆರಳು ಬಂದ ದಾರಿಯಲ್ಲೇ ವಾಪಸು ಹೋಗಿ, ಬೆಂಕಿಪೆಟ್ಟಿಗೆಯ ಬಾಗಿಲ ಮುಂದೆ ನಿಂತು, ಉಗುರಿನಿಂದ ಎರಡು ಸಲ ಬಡಿಯಿತು.

“ಒಳಗಿದ್ಯೇನೇ?”

ಆಯಿ ಅವಳ ಬೆನ್ನ ಹಿಂದೆಯೇ ನಿಂತಿದ್ದಳು.

“ಇಲ್ಲೇ ಇದ್ದೇನೆ ಮಾರಾಯ್ತಿ” ಎಂದಳು. “ಬಾ ಒಳಗೆ.”

ಅಮ್ಮ ಚಾ ಇಡಲು ಹೋದಳು.