ಬೆರಳಗಲದ ನಾಮ

ಗುಂಡ್ಲುಪೇಟೆಯಲ್ಲಿ ಮರಿಮಲ್ಲಪ್ಪನ ಮಂಡಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮಿಕ್ಸ್ ಮಲ್ಲಪ್ಪನ ಮಂಡಿ ಎಂದರೆ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಮೂವತ್ತೆಂಟು ವರ್ಷದ ಅರಿಶಿನ ವ್ಯಾಪಾರ. ಹೊಸ ಕೊಂಬಿಗೆ ಹೋದ ವರ್ಷದ್ದು, ದಪ್ಪಕ್ಕೆ ಸಣ್ಣದು, ತೆರಕಣಾಂಬಿಯದಕ್ಕೆ ಸತ್ಯಮಂಗಲದ್ದು, ಹೀಗೆ ಯಾವ ಮಾಲನ್ನೂ ಒಂಟಿಯಾಗಿ ಬಿಡುವುದು ಅವನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಯಾರಾದರೂ ಎದುರಿಗೇ ಕೇಳಿದರೆ, “ಬೆರೆತು ಬಾಳ್ಬೇಕು ಅಂತ ಹಿರೀಕರೇ ಏಳವ್ರೆ, ನಂದೇನದೆ,” ಎನ್ನುತ್ತಿದ್ದ.

ಇಂಥವನಿಗೆ ಐವತ್ತರ ಮೇಲೆ ಅಸಲಿನ ಹುಚ್ಚು ಹತ್ತಿತು. ಅರಿಶಿನದಲ್ಲಿ ಅಲ್ಲ, ಕಾರಿನಲ್ಲಿ. ಅದೂ ಎಲ್ಲ ಕಾರೂ ಅಲ್ಲ, ಎರಡೇ ಬಾಗಿಲಿನ ಹಳೆಯ ಸ್ಟೇಷನ್ ವ್ಯಾಗನ್. ಮುಂದೆ ಆಚೆಗೊಂದು ಈಚೆಗೊಂದು ಬಾಗಿಲು, ಹಿಂದೆ ಉದ್ದಕ್ಕೆ ಸಾಮಾನಿನ ಜಾಗ. ನಡುವಿನ ಸೀಟಿನವರು ಇಳಿಯಬೇಕಾದರೆ ಮುಂದಿನವರು ಮೊದಲು ಇಳಿದು, ಸೀಟು ಮಡಚಿ, ದಾರಿ ಬಿಡಬೇಕು. ಅವನ ಮೊದಲ ಗಾಡಿ ಊಟಿ ಕಡೆಯ ಟೀ ಎಸ್ಟೇಟಿನಿಂದ ಬಂದ ಹಿಲ್‌ಮನ್ ಹಸ್ಕಿ. ಅದನ್ನು ರಸ್ತೆಗೆ ತರುವಷ್ಟರಲ್ಲಿ ಏಳು ವರ್ಷ ಕಳೆಯಿತು. ಹೆಂಡತಿ ಚಿಕ್ಕಮಲ್ಲಮ್ಮ ಅದರಲ್ಲಿ ಒಂದೇ ಸಲ ಚಾಮರಾಜನಗರದ ಮದುವೆಗೆ ಹೋಗಿಬಂದಳು.

“ಮೂಟೆ ಇಳ್ಸಕ್ಕೆ ಹಿಂದ್ಗಡೆ ಅಷ್ಟಗಲ ಬಾಗ್ಲು ಮಡಗವ್ರೆ,” ಎಂದಳು. “ಹೆಂಡ್ತಿ ಇಳೀಬೇಕಾದ್ರೆ ಗಂಡನ್ನ ಬೇಡ್ಕಬೇಕು. ಯಾವನೋ ಹುಷಾರು ಗಂಡಸೇ ಮಾಡಿರೋದು ಬುಡಿ.”

ಎರಡನೆಯದು ಮೋರಿಸ್ ಮೈನರ್ ಟ್ರಾವೆಲರ್. ಇದು ಇನ್ನೂ ವಿಚಿತ್ರ. ಮುಂಭಾಗ ತಗಡು, ಹಿಂಭಾಗಕ್ಕೆ ಹೊರಗೇ ಕಾಣುವಂಥ ಮರದ ಚೌಕಟ್ಟು. ಹಿಂದೆ ಸಾಮಾನಿಗೆಂದು ಬೀರುವಿನಂತೆ ನಡುವೆ ಕೂಡುವ ಜೋಡಿ ಕದ. ಕೂನೂರಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದ ಗಾಡಿ ಲಾರಿಯಿಂದ ಇಳಿದಾಗ ಚೌಕಟ್ಟಿನ ತುಂಬ ಅಣಬೆ ಎದ್ದಿತ್ತು.

“ಇದೂ ಅಸಲಾ?” ಎಂದು ಕೇಳಿ ಚಿಕ್ಕಮಲ್ಲಮ್ಮ ಒಳಗೆ ಹೋದಳು.

ಮರಿಮಲ್ಲಪ್ಪನ ಕಣ್ಣು ಅಣಬೆಯ ಮೇಲಿರಲಿಲ್ಲ. ಮೈಸೂರಿನಲ್ಲಿ ಹಳೆ ಕಾರಿನವರದೊಂದು ಕ್ಲಬ್ಬಿದೆ. ಅವರು ಬಂದು ಪರೀಕ್ಷೆ ಮಾಡಿ, ಒಪ್ಪಿದ ಗಾಡಿಗೆ ‘ಅಸಲು’ ಎಂದು ಕೆತ್ತಿದ ಹಿತ್ತಾಳೆ ಫಲಕ ಕೊಡುತ್ತಾರೆ. ಹಸ್ಕಿಗೆ ಬೇರೆ ಎಂಜಿನ್ ಕೂತಿದ್ದರಿಂದ ಅದು ಸಿಕ್ಕಿರಲಿಲ್ಲ. ತನ್ನ ಹೆಸರಿನ ಪಕ್ಕದಲ್ಲಿ ಆ ಮೂರಕ್ಷರವನ್ನು ಹುಟ್ಟಿದಾರಭ್ಯ ಯಾರೂ ಇಟ್ಟವರಲ್ಲ. ಈ ಗಾಡಿಯಿಂದಲಾದರೂ ಒಂದು ಸಲ ಅನ್ನಿಸಿಕೊಳ್ಳಬೇಕು ಎಂಬುದು ಅವನ ಆಸೆ. ಕ್ಲಬ್ಬಿನ ಕಾನೂನು ಸರಳ: ಕೊಳೆತ ಮರ ಬದಲಿಸಬಹುದು, ಅಳತೆ ಬದಲಿಸುವಂತಿಲ್ಲ.

ಚೌಕಟ್ಟಿನ ಕೆಲಸಕ್ಕೆ ಅವನು ಹುಡುಕಿದ್ದು ಉಡಿಗಾಲದ ಕೆಂಡಗಣ್ಣಾಚಾರಿಯನ್ನು. ಎತ್ತಿನಗಾಡಿ ಮಾಡುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಗಾಡಿ ಮಾಡಿಸುವವರು ಇಲ್ಲವಾಗಿ ಈಗ ದೇವರ ಮನೆ ಬಾಗಿಲು ಕೆತ್ತುತ್ತಿದ್ದ. ಮರಿಮಲ್ಲಪ್ಪ ಇಂಗ್ಲೆಂಡಿನಿಂದ ತರಿಸಿದ ನಕ್ಷೆಯನ್ನು ಅವನ ಮುಂದೆ ಹರಡಿ, “ಕೂದಲೆಳೆಯಷ್ಟೂ ಆಚೀಚೆ ಆಗಂಗಿಲ್ಲ ಕಣ ಆಚಾರಿ,” ಎಂದು ಮೂರು ಸಲ ಹೇಳಿದ. ಆಚಾರಿ ಮೂರು ಸಲವೂ ತಲೆಯಾಡಿಸಿದ.

ಎಂಟು ತಿಂಗಳಿಗೆ ಚೌಕಟ್ಟು ಸಿದ್ಧವಾಯಿತು. ಜೋಡಣೆಯಲ್ಲಿ ಉಗುರು ತೂರದಂಥ ಕೆಲಸ, ಮೇಲೆ ಜೇನಿನ ಬಣ್ಣದ ವಾರ್ನಿಷ್. ಆಚಾರಿ ತಾನೇ ಗುಂಡ್ಲುಪೇಟೆಗೆ ಬಂದು ಕೂರಿಸಿದ. ಹಿಂದಿನ ಕದಗಳು ಮಾತ್ರ ಕೊಳೆಯದೆ ಉಳಿದಿದ್ದ ಹಳೆಯವೇ. ಮರಿಮಲ್ಲಪ್ಪ ಎರಡನ್ನೂ ಮುಚ್ಚಿದ. ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಬೆರಳಗಲ ಸಂದು.

“ಇದೇನ ಆಚಾರಿ?”

“ಅದಾ? ಆಯಕ್ಕೆ ಬುಟ್ಟಿದ್ದು ಯಜಮಾನ್ರೆ.”

ಮನೆಯಾಗಲಿ ಬಾವಿಯಾಗಲಿ ಗಾಡಿಯಾಗಲಿ, ಬೆರಳಿನ ಲೆಕ್ಕದಲ್ಲಿ ಅಳತೆ ತೆಗೆದು ಎಂಟರಿಂದ ಭಾಗಿಸಿ, ಉಳಿದ ಶೇಷದಲ್ಲಿ ಒಳ್ಳೆಯದು ಕೆಟ್ಟದ್ದು ನೋಡುವ ಲೆಕ್ಕಕ್ಕೆ ಆಯ ಎನ್ನುತ್ತಾರೆ. ಆಚಾರಿಯ ಅಪ್ಪ, ತಾತ ಆಯ ನೋಡದೆ ಕೋಳಿಗೂಡನ್ನೂ ಮಾಡಿದವರಲ್ಲ.

“ನೀವು ಕೊಟ್ಟ ಅಗಲಕ್ಕೆ ಆರು ಉಳೀತದೆ. ಆರು ಅಂದ್ರೆ ಕತ್ತೆ ಆಯ. ಒಂದು ಬೆರಳು ಸೇರುಸ್ದೆ, ಏಳಾಯ್ತು. ಈಗ ನಿಮ್ದು ಆನೆ ಆಯ.”

“ಇಂಗ್ಲಿಷ್‌ನೋರು ಆಯ ನೋಡ್ಕಂಡು ಕಾರು ಮಾಡಿದ್ರೇನ್ಲಾ?”

“ಎಲ್ಲಿ ನೋಡುದ್ರು? ಅದ್ಕೇ ದೇಶ ಬುಟ್ಟು ಓದ್ರು.”

ಮರಿಮಲ್ಲಪ್ಪ ಬೈದ, ಬೇಡಿದ, ಬೆರಳಗಲ ಕೆತ್ತಿ ತೆಗೆಯಲು ಹೇಳಿದ. ಆಚಾರಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. “ನಂ ಕೈಲಿ ಆನೇನ ಕತ್ತೆ ಮಾಡಕ್ಕಾಗಲ್ಲ. ಬೇರೇರ ಕೈಲಿ ಕೆತ್ತುಸ್ಕಳಿ, ನನ್ನ ಹೆಸರು ಏಳ್ಬೇಡಿ.” ಬೆರೆಸದವನ ಹಟ ಎಂಥದು ಎಂಬುದನ್ನು ಬೆರೆಸುವವನು ಅಂದು ಮೊದಲ ಬಾರಿಗೆ ಹತ್ತಿರದಿಂದ ನೋಡಿದ.

ಕ್ಲಬ್ಬಿನ ಕಾರ್ಯದರ್ಶಿ ರಾಜಶೇಖರ್ ಬರುವುದು ಮರುದಿನ ಬೆಳಿಗ್ಗೆಗೇ ನಿಗದಿಯಾಗಿತ್ತು. ಆಗ ಮರಿಮಲ್ಲಪ್ಪನೊಳಗಿನ ಮೂವತ್ತೆಂಟು ವರ್ಷದ ಅನುಭವ ಎದ್ದು ನಿಂತಿತು. ಹೊಸ ಮರದ ಒಂದು ಪಟ್ಟಿಯನ್ನು ಸಂದಿಗೆ ಸರಿಯಾಗಿ ಹೆರೆದು ಒಂದು ಕದದ ಅಂಚಿಗೆ ಕೂರಿಸಿದ. ಪಟ್ಟಿ ಮಾತ್ರ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತಿತ್ತು. ವಾರ್ನಿಷ್ ಹೊಡೆದರೆ ಒಣಗಲು ಎರಡು ದಿನ. ಜೇನಿನ ಬಣ್ಣಕ್ಕೆ ತೀರ ಹತ್ತಿರದ ಬಣ್ಣ ಯಾವುದೆಂದು ಅರಿಶಿನದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂಡಿಯ ಮಾಲನ್ನು ಮಾತ್ರ ಅವನು ನಂಬಲಿಲ್ಲ. ಅಡುಗೆಮನೆಗೆ ಹೋಗಿ, ವರ್ಷದ ಖರ್ಚಿಗೆಂದು ತೆಗೆದಿಟ್ಟ ಮನೆಯ ಡಬ್ಬದಿಂದ ಅರಿಶಿನ ತೆಗೆದು, ಕಲಸಿ ಉಜ್ಜಿದ. ದೀಪ ಹಚ್ಚುವ ಹೊತ್ತಿಗೆ ಯಾವುದು ಕದ, ಯಾವುದು ಪಟ್ಟಿ ಎಂದು ಅವನಿಗೇ ತಿಳಿಯದಂತಾಯಿತು.

ರಾಜಶೇಖರ್ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆದುಕೊಂಡು ಮರಿಮಲ್ಲಪ್ಪ ಮೊದಲು ಹೋಟೆಲಿಗೆ ಹೋದ. ಹೊಟ್ಟೆ ತುಂಬಿದವನ ಕಣ್ಣು ಮಂದ ಎಂಬುದು ಮಂಡಿಯ ಪಾಠ. ತನ್ನ ಕೆಲಸವನ್ನು ದೊಡ್ಡವರು ನೋಡುವುದನ್ನು ನೋಡಲೆಂದು ಕೆಂಡಗಣ್ಣಾಚಾರಿಯೂ ಉಡಿಗಾಲದಿಂದ ಬಂದಿದ್ದ. ಮೂವರೂ ದೋಸೆ ತಿಂದು ಮನೆ ಕಡೆ ನಡೆದರು.

ಅಷ್ಟರಲ್ಲಿ ಚಿಕ್ಕಮಲ್ಲಮ್ಮ ಅಂಗಳಕ್ಕೆ ಬಂದಿದ್ದಳು. ಮೈಸೂರಿಂದ ಬರುವವರ ಮುಂದೆ ಗಾಡಿ ಧೂಳು ಹೊದ್ದು ನಿಂತಿರುವುದು ಅವಳಿಗೆ ಸರಿಕಾಣಲಿಲ್ಲ. ಬಟ್ಟೆ ಸೋಪು ಕದಡಿದ ಒಂದು ಬಕೆಟ್ ನೀರಲ್ಲಿ ಹಿಂದಿನಿಂದ ಮುಂದಿನವರೆಗೆ ಚೆನ್ನಾಗಿ ತಿಕ್ಕಿ ತೊಳೆದಿದ್ದಳು.

ಮರಿಮಲ್ಲಪ್ಪ ಗೇಟಿನಲ್ಲೇ ನಿಂತ. ಆರತಿ ತಟ್ಟೆಯ ಓಕುಳಿ ಹೇಗೆ ಕೆಂಪಾಗುತ್ತದೆ ಎಂಬುದು ಅವನ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿದ್ದ ವಿದ್ಯೆ. ಅರಿಶಿನಕ್ಕೆ ಸುಣ್ಣ ಮಾಡುವ ಕೆಲಸವನ್ನು ಸೋಪೂ ಮಾಡುತ್ತದೆ. ಎರಡು ಕದಗಳ ನಡುವೆ, ಮೇಲಿಂದ ಕೆಳಗೆ, ಕಡುಗೆಂಪಿನ ಗೀಟು ಎದ್ದು ನಿಂತಿತ್ತು. ತಲೆಮಾರುಗಳಿಂದ ಅಡ್ಡಕ್ಕೆ ವಿಭೂತಿ ಹಚ್ಚಿಕೊಂಡು ಬಂದ ಮನೆಯ ಗಾಡಿಗೆ, ಗೋಪಾಲಸ್ವಾಮಿ ಬೆಟ್ಟದಿಂದ ಇಳಿದುಬಂದಂತೆ, ಉದ್ದನೆಯ ನಾಮ.

“ಯಾರಿಗೆ ಹಾಕಕ್ಕೆ ಓಗಿದ್ರಿ ಇದ್ನ?” ಎಂದಳು ಚಿಕ್ಕಮಲ್ಲಮ್ಮ, ಬಕೆಟ್ ಕೆಳಗಿಟ್ಟು.

ರಾಜಶೇಖರ್ ಕನ್ನಡಕ ಏರಿಸಿ ಗೀಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಟೇಪು ತೆಗೆದು ಹಿಂಭಾಗದ ಅಗಲ ಅಳೆದರು. “ಇದು ಜಾಸ್ತಿ ಇದೆಯಲ್ಲ?”

“ಒಂದು ಬೆರಳು ಸ್ವಾಮಿ,” ಎಂದ ಆಚಾರಿ ಮುಂದೆ ಬಂದು. “ಆನೆ ಆಯ. ನಾನೇ ಮಾಡಿದ್ದು.”

ಮೇಷ್ಟ್ರು ನಗಲಿಲ್ಲ. ಫಲಕವನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ. ಬೆರಳಿಗೆ ಅಂಟಿದ ಕೆಂಪನ್ನು ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು.

“ಗಾಡಿ ಅಸಲು ಅಂತ ಬರೆಯೋಕ್ಕಾಗಲ್ಲ ಮಲ್ಲಪ್ಪನವರೇ. ಆದರೆ ಸೋಪಿನ ನೀರಿಗೆ ಇಷ್ಟು ಕೆಂಪು ತಿರುಗೋ ಅರಿಶಿನ ನಾನು ಲ್ಯಾಬಿನಲ್ಲೂ ನೋಡಿಲ್ಲ. ಇದು ಮಾತ್ರ ಅಸಲು. ನಿಮ್ಮ ಮಂಡೀದೇ ತಾನೆ? ಎರಡು ಕೆಜಿ ಕೊಡಿ.”

ಮರಿಮಲ್ಲಪ್ಪ ಇಷ್ಟು ವರ್ಷ ಕಾದ ಮಾತು ಬಂದಿತ್ತು, ಬಂದು ಕೂತದ್ದು ಬೇರೆ ಕಡೆ.

“ಆನೆ ಆಯ ಕಣಿ ಯಜಮಾನ್ರೆ, ಎಲ್ಲೋದ್ರೂ ಗೆಲ್ತದೆ,” ಎಂದ ಆಚಾರಿ.

ಚಿಕ್ಕಮಲ್ಲಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. “ಮಂಡೀದು ತರ್ಲಾ, ಮನೇದು ತರ್ಲಾ?”

“ಮನೇದು,” ಎಂದ, ಬಹಳ ಸಣ್ಣ ದನಿಯಲ್ಲಿ.

ಡಬ್ಬ ಬಂತು. ಅಂಗಳಕ್ಕೆ ಹೊಂದಿಕೊಂಡ ಮಂಡಿಯಲ್ಲಿ ತಕ್ಕಡಿಯ ಮುಂದೆ ಕೂತು ಅವನು ಬಲಗೈಯಲ್ಲಿ ಅರಿಶಿನ ಸುರಿಯುತ್ತಿದ್ದಾಗ, ಎಡಗೈ ತನ್ನಷ್ಟಕ್ಕೆ ತಾನೇ ಪಕ್ಕದಲ್ಲಿದ್ದ ಹೋದ ವರ್ಷದ ಪುಡಿಯ ಮೂಟೆಯ ಕಡೆಗೆ ಹೋಯಿತು. ಅದನ್ನು ಎಳೆದು ತಂದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.